ಕೋಲಾರಕ್ಕೂ ಮಂಗಳೂರಿಗೂ ಜಗಳ ಹಚ್ಚಿದವರು

2024ರ ಸೆಪ್ಟೆಂಬರ್ 6, ಗೌರಿ ಹಬ್ಬದ ದಿನ. ಸಕಲೇಶಪುರ ತಾಲ್ಲೂಕಿನಲ್ಲಿ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ಚಾಲನೆ ಕೊಟ್ಟರು. ಪಂಪುಗಳು ತಿರುಗಿದವು, ಪಶ್ಚಿಮಕ್ಕೆ, ನೇತ್ರಾವತಿಯತ್ತ ಹರಿಯಬೇಕಿದ್ದ ನೀರು ಪೂರ್ವಕ್ಕೆ ಏರಿತು. ಆ ನೀರನ್ನು ಬಿಟ್ಟದ್ದು ವೇದಾವತಿಗೆ, ವಾಣಿವಿಲಾಸ ಸಾಗರದ ದಿಕ್ಕಿಗೆ. ಇದೇ ಯೋಜನೆಗೆ 2014ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ ಆದದ್ದು ಚಿಕ್ಕಬಳ್ಳಾಪುರದಲ್ಲಿ. ಹತ್ತು ವರ್ಷ ಕಾದ ಆ ಊರಿಗೂ ಪಕ್ಕದ ಕೋಲಾರಕ್ಕೂ ಅಂದು ತಲುಪಿದ್ದು ಪತ್ರಿಕೆಗಳ ಜಾಹೀರಾತು ಮಾತ್ರ.

ಈ ಹತ್ತು ವರ್ಷಗಳಲ್ಲಿ ನಮಗೆ ಒಂದೇ ಕಥೆಯನ್ನು ಮತ್ತೆ ಮತ್ತೆ ಹೇಳಲಾಗಿದೆ. ಘಟ್ಟದ ಕೆಳಗೆ ನೀರು ಬಿಟ್ಟುಕೊಡದ ಸ್ವಾರ್ಥಿಗಳಿದ್ದಾರೆ, ಘಟ್ಟದ ಮೇಲೆ ಬಾಯಾರಿದ ಬಡವರಿದ್ದಾರೆ, ನಡುವೆ ನ್ಯಾಯ ಹಂಚಲು ಹೊರಟ ಸರ್ಕಾರವಿದೆ. ನೇತ್ರಾವತಿ ಉಳಿಸಿ ಎಂದವರೆಲ್ಲ ಅಭಿವೃದ್ಧಿ ವಿರೋಧಿಗಳು. ಕಥೆ ಚೆನ್ನಾಗಿದೆ, ಚುನಾವಣೆಗೆ ಒದಗುತ್ತದೆ. ಆದರೆ ಅದು ಸುಳ್ಳು. ಕರಾವಳಿಯ ಸಂಘಟನೆಗಳೂ ಬಯಲುಸೀಮೆಯ ಸಂಘಟನೆಗಳೂ ವರ್ಷಗಟ್ಟಲೆ ಕೇಳುತ್ತಿರುವುದು ಒಂದೇ ಪ್ರಶ್ನೆ: ಅಲ್ಲಿ ನೀರು ಎಷ್ಟಿದೆ? ಉತ್ತರ ಕೊಡಲಾಗದವರು ಕೇಳಿದವರನ್ನು ಪರಸ್ಪರ ಎತ್ತಿಕಟ್ಟಿದರು.

ಲೆಕ್ಕವನ್ನೇ ನೋಡೋಣ. ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳ, ಈ ನಾಲ್ಕು ಹಳ್ಳಗಳ ಮೇಲೆ ಎಂಟು ಕಟ್ಟೆ. ಮಳೆಗಾಲದ ತಿಂಗಳುಗಳಲ್ಲಿ 24.01 ಟಿಎಂಸಿ ನೀರೆತ್ತಿ ಏಳು ಜಿಲ್ಲೆಗಳ 29 ತಾಲ್ಲೂಕುಗಳಿಗೆ ಹಂಚುವುದು ಯೋಜನೆ. ಜಲಾನಯನ ಪ್ರದೇಶ ಸುಮಾರು 180 ಚದರ ಕಿಲೋಮೀಟರ್. 24 ಟಿಎಂಸಿ ಎಂದರೆ 68 ಕೋಟಿ ಘನ ಮೀಟರ್. ಭಾಗಿಸಿ ನೋಡಿ: ಆ ಇಡೀ ಪ್ರದೇಶದ ಮೇಲೆ 3.7 ಮೀಟರ್‌ಗೂ ಹೆಚ್ಚು ಎತ್ತರಕ್ಕೆ ನೀರು ನಿಲ್ಲಬೇಕು. ಅಲ್ಲಿ ಮಳೆ ಜೋರಾದ ವರ್ಷ ನಾಲ್ಕು ಮೀಟರ್ ದಾಟಬಹುದು, ಕೈಕೊಟ್ಟ ವರ್ಷ ಮೂರರ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಂದರೆ ಕಾಡು ಕುಡಿಯಬಾರದು, ಮಣ್ಣು ಹೀರಬಾರದು, ಬಿಸಿಲಿಗೆ ಆವಿಯಾಗಬಾರದು, ಹಳ್ಳದಲ್ಲಿ ಕೆಳಕ್ಕೆ ಒಂದು ಹನಿಯೂ ಹರಿಯಬಾರದು. ಆಗಲೂ ಲೆಕ್ಕ ಹೊಂದುವುದು ಒಳ್ಳೆಯ ವರ್ಷಗಳಲ್ಲಷ್ಟೇ. ಇದನ್ನು ಕಂಡುಹಿಡಿಯಲು ಹೈಸ್ಕೂಲಿನ ಗಣಿತ ಸಾಕು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಜಲಾನಯನವನ್ನು ಸರಿಯಾಗಿ ಅಧ್ಯಯನ ಮಾಡಿ ಹೇಳಿದ ಅಂಕಿ 9.55 ಟಿಎಂಸಿ. ಹೇಳಿದ್ದರ ಅರ್ಧವೂ ಇಲ್ಲ.

ಸರ್ಕಾರ ಇದಕ್ಕೆ ತನ್ನ ಎಂಜಿನಿಯರುಗಳ ಅಂಕಿಯನ್ನು ಮುಂದಿಟ್ಟಿತು. ಇಡಲಿ, ತಪ್ಪಿಲ್ಲ. ಇಷ್ಟು ದೊಡ್ಡ ಅಂತರ ಇರುವಾಗ ಎರಡೂ ಕಡೆಯವರನ್ನು ಒಂದೇ ಮೇಜಿಗೆ ಕರೆದು, ಹಳ್ಳಗಳಲ್ಲಿ ನಾಲ್ಕಾರು ಮಳೆಗಾಲ ಅಳೆದು, ಆಮೇಲೆ ಪೈಪ್ ಖರೀದಿಸುವುದು ಸಾಮಾನ್ಯ ಬುದ್ಧಿಯ ಕೆಲಸ. ನಮ್ಮಲ್ಲಿ ಮೊದಲು ಪೈಪ್ ಬಂತು. 2012ರಲ್ಲಿ 8,323 ಕೋಟಿ ರೂಪಾಯಿ ಎಂದಿದ್ದ ಅಂದಾಜು 2014ರಲ್ಲಿ 12,912 ಕೋಟಿ ಆಯಿತು, 2023ರಲ್ಲಿ 23,251 ಕೋಟಿ ಆಯಿತು. ನೀರಿನ ಅಂಕಿ ಮಾತ್ರ ಅದೇ 24.01, ಬಂಡೆಯ ಮೇಲೆ ಕೆತ್ತಿದಂತೆ.

ಪರಿಸರ ಪರಿಣಾಮದ ಅಧ್ಯಯನ ಏಕೆ ಆಗಲಿಲ್ಲ ಎಂದು ಕೇಳಿದರೆ ಸಿಗುವ ಉತ್ತರ ಇನ್ನೂ ಸೊಗಸಾಗಿದೆ. ಇದು ಕುಡಿಯುವ ನೀರಿನ ಯೋಜನೆ, 2006ರ ಅಧಿಸೂಚನೆಯ ಪಟ್ಟಿಯಲ್ಲಿ ಕುಡಿಯುವ ನೀರು ಇಲ್ಲ, ಆದ್ದರಿಂದ ಅನುಮತಿ ಬೇಕಿಲ್ಲ. ಯೋಜನೆಯದ್ದೇ ಕಾಗದ ತೆಗೆದು ನೋಡಿದರೆ ಕುಡಿಯಲು 14.06 ಟಿಎಂಸಿ, ಉಳಿದ 9.95 ಟಿಎಂಸಿ 527 ಕೆರೆಗಳನ್ನು ತುಂಬಲು. ಕೆರೆ ತುಂಬುವುದು ಒಳ್ಳೆಯದೇ, ಅಂತರ್ಜಲಕ್ಕೆ ಬೇಕೇ ಬೇಕು. ಆದರೆ ಹತ್ತು ಟಿಎಂಸಿಯನ್ನು ಕುಡಿಯುವ ನೀರಿನ ಹೆಸರಿನ ಸೆರಗಿನಲ್ಲಿ ದಾಟಿಸುವುದು ಕಾನೂನಿನ ಕಣ್ಣಿಗೆ ಮಣ್ಣೆರಚುವ ಕೆಲಸ. ಸಹ್ಯಾದ್ರಿ ಸಂಚಯದಂಥ ಚಾರಣಿಗರ ಬಳಗ, ನೇತ್ರಾವತಿ ರಕ್ಷಣೆಗೆಂದು ಹುಟ್ಟಿದ ಸಮಿತಿಗಳು ಇದನ್ನೇ ಎತ್ತಿ ಬೀದಿಗಿಳಿದವು. ಪ್ರಕರಣ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು, ಬಂದ್ ಆಯಿತು. ಕಾಮಗಾರಿ ನಿಲ್ಲಲಿಲ್ಲ.

"ಹೇಗಿದ್ದರೂ ಸಮುದ್ರಕ್ಕೆ ಸೇರಿ ವ್ಯರ್ಥವಾಗುವ ನೀರು" ಎಂಬ ಮಾತು ಪಕ್ಷಭೇದವಿಲ್ಲದೆ ಎಲ್ಲ ನಾಯಕರ ಬಾಯಲ್ಲೂ ಬರುತ್ತದೆ. ಹೀಗೆನ್ನುವವರು ಉಳ್ಳಾಲ-ಬೆಂಗ್ರೆ ನಡುವಿನ ನೇತ್ರಾವತಿಯ ಅಳಿವೆ ಬಾಗಿಲಿಗೆ ಒಮ್ಮೆ ಬರಬೇಕು. ಉಪ್ಪುನೀರಿಗೆ ಸಿಹಿನೀರು ಬೆರೆಯುವ ಆ ಜಾಗದಲ್ಲೇ ಸಿಗಡಿ, ಮೀನಿನ ಮರಿಗಳು ಬೆಳೆಯುವುದು. ನೀರಿಳಿದಾಗ ಕೆಸರಿಗೆ ಕೈಹಾಕಿ ಮರುವಾಯಿ ಚಿಪ್ಪು ಹೆಕ್ಕಿ ಮಾರುವ ಹೆಂಗಸರ ಮನೆ ನಡೆಯುವುದು ಅದರಿಂದ. ನದಿಯ ಒತ್ತಡ ತಗ್ಗಿದ ಬೇಸಿಗೆಯಲ್ಲಿ ಉಪ್ಪುನೀರು ಒಳಕ್ಕೆ ನುಗ್ಗಿ ದಡದ ಮನೆಗಳ ಬಾವಿ ಕೆಡುತ್ತದೆ. ನಾವು ಎತ್ತುವುದು ಮಳೆಗಾಲದ ಪ್ರವಾಹವನ್ನು ಮಾತ್ರ, ಬೇಸಿಗೆಯ ಹರಿವು ಮುಟ್ಟುವುದಿಲ್ಲ ಎನ್ನುತ್ತಾರೆ ಸರ್ಕಾರದವರು. ಸಮುದ್ರ ದಂಡೆಗೆ ಮರಳು ಬರುವುದು, ಅಳಿವೆಗೆ ಗೊಬ್ಬರದಂಥ ಮೆಕ್ಕಲು ಬರುವುದು ಅದೇ ಪ್ರವಾಹದಲ್ಲಿ ಎಂಬುದನ್ನು ಯಾವ ಇಲಾಖೆಯ ಕಡತವೂ ಲೆಕ್ಕಕ್ಕೆ ಹಿಡಿದಿಲ್ಲ.

ಇನ್ನು ನೇತ್ರಾವತಿಯಲ್ಲಿ ನೀರು ಉಕ್ಕಿ ಹರಿಯುತ್ತದೆ ಎಂಬ ನಂಬಿಕೆ. 2016ರ ಬೇಸಿಗೆಯಲ್ಲಿ ತುಂಬೆ ಕಿಂಡಿ ಅಣೆಕಟ್ಟಿನಲ್ಲಿ ನೀರು ತಳ ಕಂಡು ಮಂಗಳೂರು ಟ್ಯಾಂಕರಿಗೆ ಕಾದು ಕುಳಿತಿತ್ತು. 2019ರ ಮೇ ತಿಂಗಳಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರು, ನೀರಿಗೆ ತತ್ವಾರ ಇರುವುದರಿಂದ ಭಕ್ತರು ಪ್ರವಾಸ ಮುಂದೂಡಬೇಕೆಂದು ಕೇಳಿಕೊಳ್ಳಬೇಕಾಯಿತು. ಅದೂ ನೇತ್ರಾವತಿಯ ದಡದಲ್ಲಿ ಕುಳಿತು.

ಹಾಗೆಂದು ಕರಾವಳಿಯ ಹೋರಾಟಕ್ಕೆ ಪೂರ್ತಿ ಅಂಕ ಕೊಡಲಾರೆ. "ನಮ್ಮ ತಾಯಿ ನೇತ್ರಾವತಿ" ಎಂದು ವೇದಿಕೆಯಲ್ಲಿ ಕಣ್ಣೊರೆಸಿಕೊಂಡ ಕೆಲವರು ಅದೇ ತಾಯಿಯ ಒಡಲಿಂದ ರಾತ್ರಿ ಮರಳು ತುಂಬಿದ ಲಾರಿಗಳ ಬಗ್ಗೆ ಮೌನವಾಗಿದ್ದರು. ಪೇಟೆಗಳ ಚರಂಡಿ ಹೊಳೆಗೆ ಸೇರುವಾಗ ಬಂದ್ ಕರೆ ಕೇಳಿಸಲಿಲ್ಲ. ಹಿಂದೆ ಊರೆಲ್ಲ ಸೇರಿ ತೋಡಿಗೆ ಕಟ್ಟ ಹಾಕುತ್ತಿದ್ದರು, ಮದಕವೆಂಬ ಕೆರೆಯ ಹೂಳೆತ್ತುತ್ತಿದ್ದರು. ಈಗ ಅಡಿಕೆ ತೋಟಕ್ಕೊಂದು ಬೋರ್‌ವೆಲ್. ಎದುರಾಳಿಗಳು ಚುಚ್ಚುವುದು ಇಲ್ಲೇ, ಚುಚ್ಚುವುದಕ್ಕೆ ಜಾಗ ಕೊಟ್ಟದ್ದು ಹೋರಾಟಗಾರರೇ.

ಈಗ ಘಟ್ಟದ ಮೇಲಕ್ಕೆ ಬನ್ನಿ. ಕೋಲಾರ, ಚಿಕ್ಕಬಳ್ಳಾಪುರದ ಜನರ ದಾಹ ನಾಟಕವಲ್ಲ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಸೀಮೆ. ಸಾವಿರ ಅಡಿ ದಾಟಿ ಕೊರೆದರೂ ಬೋರ್‌ವೆಲ್‌ನಲ್ಲಿ ಬರುವುದು ದೂಳು, ನೀರು ಬಂದರೆ ಅದರೊಂದಿಗೆ ಫ್ಲೋರೈಡ್. ಟೊಮೆಟೊ ಬೆಳೆದು ದೇಶಕ್ಕೆ ಕಳಿಸುವ ರೈತ ಮನೆಗೆ ಕ್ಯಾನ್ ನೀರು ತರುತ್ತಾನೆ. 2016ರ ಮಾರ್ಚ್‌ನಲ್ಲಿ ಅವರು ಟ್ರ್ಯಾಕ್ಟರುಗಳ ಸಾಲು ಕಟ್ಟಿಕೊಂಡು ಬೆಂಗಳೂರಿಗೆ ನುಗ್ಗಿದ್ದು ಇದಕ್ಕೇ. ಆ ಹೋರಾಟದ ಮುಂಚೂಣಿಯಲ್ಲಿದ್ದದ್ದು ಆರ್. ಆಂಜನೇಯ ರೆಡ್ಡಿಯವರ ಶಾಶ್ವತ ನೀರಾವರಿ ಹೋರಾಟ ಸಮಿತಿ. ಅವರು ಕೇಳಿದ್ದು ಎತ್ತಿನಹೊಳೆಯನ್ನಲ್ಲ, ಪರಮಶಿವಯ್ಯ ವರದಿಯ ಜಾರಿಯನ್ನು. ಘಟ್ಟದುದ್ದಕ್ಕೂ ಕಾಲುವೆ ತೋಡುವ ಆ ವರದಿ ಕರಾವಳಿಯ ಪಾಲಿಗೆ ಎತ್ತಿನಹೊಳೆಗಿಂತ ದೊಡ್ಡ ಗಂಡಾಂತರ, ಆ ವರದಿಯನ್ನು ನಾನು ಒಪ್ಪುವುದಿಲ್ಲ. ಆದರೂ ಒಂದು ವಿಷಯದಲ್ಲಿ ಆ ಸಮಿತಿ ಖಚಿತವಾಗಿ ಮಾತಾಡಿತು. ಈ ಯೋಜನೆಯಲ್ಲಿ ಹೇಳಿದಷ್ಟು ನೀರಿಲ್ಲ, ಇರುವ ನೀರು ದಾರಿಯ ಜಿಲ್ಲೆಗಳನ್ನು ದಾಟಿ ಕೊನೆಯಲ್ಲಿರುವ ನಮಗೆ ಬರುವುದಿಲ್ಲ ಎಂದಿತು. ಮಂಗಳೂರಿನಲ್ಲಿ ಎದ್ದ ಪ್ರಶ್ನೆಯೇ ಇದು. ಯಾವ ಟಿ.ವಿ. ಚರ್ಚೆಯಲ್ಲೂ ಈ ಇಬ್ಬರನ್ನು ಒಂದೇ ಸಾಲಿನಲ್ಲಿ ಕೂರಿಸಿದ್ದು ನಾನು ಕಂಡಿಲ್ಲ. ಎದುರುಬದುರು ಕೂರಿಸಿದರೆ ತಾನೇ ಕಾರ್ಯಕ್ರಮಕ್ಕೆ ಕಳೆ.

ಎತ್ತಿನಹೊಳೆ ತಡವಾದಾಗ ಬಯಲುಸೀಮೆಗೆ ಬಂದದ್ದು ಬೆಂಗಳೂರಿನ ಕೊಳಚೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ, ದಿನಕ್ಕೆ 44 ಕೋಟಿ ಲೀಟರ್‌ನಂತೆ ಕೋಲಾರದ 126 ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ ಅದು. 2018ರ ಜೂನ್‌ನಲ್ಲಿ ನೀರು ಬಂದಾಗ ಜನ ಪೂಜೆ ಮಾಡಿದರು. ಮರು ತಿಂಗಳೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತು. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದನ್ನು ಟಿ.ವಿ.ಯಲ್ಲಿ ಕಂಡಿದ್ದವರಿಗೆ ಅದು ಯಾವ ನೊರೆ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸಮಿತಿ ಹೈಕೋರ್ಟಿಗೆ ಹೋಯಿತು, ತಡೆ ಬಂತು, ತೆರವಾಯಿತು, ಸುಪ್ರೀಂ ಕೋರ್ಟಿನವರೆಗೂ ಪ್ರಕರಣ ನಡೆಯಿತು. ಅವರು ಕೇಳಿದ್ದು ಮೂರನೇ ಹಂತದ ಶುದ್ಧೀಕರಣ. ಉತ್ತರವಾಗಿ ಬಂದದ್ದು, "ಬಂದ ನೀರನ್ನೂ ಬೇಡವೆನ್ನುವ ಜನದ್ರೋಹಿಗಳು" ಎಂಬ ಬೈಗುಳ.

ಕೆ.ಸಿ. ವ್ಯಾಲಿಯಿಂದ ಲಾಭವೇ ಆಗಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ದಶಕಗಳಿಂದ ಜಾಲಿ ಬೆಳೆದು ನಿಂತಿದ್ದ ಕೆರೆಗಳು ಕೋಡಿ ಹರಿದವು, ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಕಾಣಿಸಿತು. ಅದಕ್ಕೇ ಪ್ರಶ್ನೆ ಇನ್ನೂ ಗಂಭೀರ. ಕೆರೆಯಿಂದ ಇಂಗಿ ಬೋರ್‌ವೆಲ್‌ಗೆ ಇಳಿದ ನೀರನ್ನು ಜನ ಕುಡಿಯುತ್ತಾರೆ, ಅದೇ ನೀರು ಸೊಪ್ಪು ತರಕಾರಿಗೆ ಹೋಗುತ್ತದೆ, ಸೊಪ್ಪು ಬೆಂಗಳೂರಿಗೇ ಮರಳುತ್ತದೆ. ಅದರಲ್ಲಿ ಏನಿದೆ ಎಂದು ತಿಂಗಳಿಗೊಮ್ಮೆ ಪರೀಕ್ಷಿಸಿ ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಲು ಸಾವಿರ ಕೋಟಿ ಬೇಕಿಲ್ಲ.

ಜಗಳ ಹಚ್ಚಿದವರ ಹೆಸರು ಕೇಳಿದರೆ ಒಂದು ಪಕ್ಷಕ್ಕೆ ಬೆರಳು ತೋರಿಸಲಾಗದು. 2012ರಲ್ಲಿ ಒಪ್ಪಿಗೆ ಕೊಟ್ಟದ್ದು ಬಿಜೆಪಿ ಸರ್ಕಾರ, ಮುಂದೆ ಕರಾವಳಿಯಲ್ಲಿ ಅದರ ವಿರುದ್ಧ ಬೀದಿಗಿಳಿದದ್ದು ಬಿಜೆಪಿ, 2023ರಲ್ಲಿ ಅಂದಾಜನ್ನು 23,251 ಕೋಟಿಗೆ ಏರಿಸಿದ್ದೂ ಬಿಜೆಪಿ ಸರ್ಕಾರವೇ. ಶಂಕುಸ್ಥಾಪನೆ ಕಾಂಗ್ರೆಸ್ಸಿನದು, ಉದ್ಘಾಟನೆಯೂ ಕಾಂಗ್ರೆಸ್ಸಿನದು. ಯೋಜನೆಗೆ ಟೊಂಕಕಟ್ಟಿ ನಿಂತ ವೀರಪ್ಪ ಮೊಯಿಲಿ ಹುಟ್ಟಿ ಬೆಳೆದದ್ದು ಮೂಡುಬಿದಿರೆ ಕಡೆ, ಲೋಕಸಭೆಗೆ ಹೋದದ್ದು ಚಿಕ್ಕಬಳ್ಳಾಪುರದಿಂದ. ಎರಡೂ ಸೀಮೆಯ ಋಣ ಇದ್ದವರು ಎರಡೂ ಸೀಮೆಯವರನ್ನು ಕೂರಿಸಿ ಮಾತಾಡಿಸಬಹುದಿತ್ತು.

ನನ್ನ ಬೇಡಿಕೆ ಸಣ್ಣದು. ಎಂಟು ಕಟ್ಟೆಗಳಲ್ಲಿ ಪ್ರತಿದಿನ ಎಷ್ಟು ನೀರು ಬಂತು, ಎಷ್ಟು ಎತ್ತಿದಿರಿ, ಎಷ್ಟು ಕೆಳಕ್ಕೆ ಬಿಟ್ಟಿರಿ, ವಿದ್ಯುತ್ತಿಗೆ ಎಷ್ಟು ಖರ್ಚಾಯಿತು, ಇದನ್ನು ದಿನದಿನವೂ ಪ್ರಕಟಿಸಿ. 24 ಟಿಎಂಸಿ ನಿಜವಾಗಿದ್ದರೆ ಪರಿಸರವಾದಿಗಳ ಬಾಯಿ ಮುಚ್ಚಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಕೃಷ್ಣರಾಜಸಾಗರದ ಮಟ್ಟವನ್ನು ಪ್ರತಿದಿನ ಪತ್ರಿಕೆಗೆ ಕೊಡುವ ಸರ್ಕಾರಕ್ಕೆ ಇದೇನು ಹೊಸ ವಿದ್ಯೆಯಲ್ಲ.

ಇಷ್ಟು ತುರ್ತಾಗಿ ಇದನ್ನು ಹೇಳಲು ಕಾರಣ ಉತ್ತರ ಕನ್ನಡದಲ್ಲಿ ಅದೇ ರಂಗ ಮತ್ತೆ ಸಿದ್ಧವಾಗಿರುವುದು. ಬೇಡ್ತಿಯ ಉಪನದಿಗಳಾದ ಪಟ್ಟಣಹಳ್ಳ, ಶಾಲ್ಮಲಾಗಳ ನೀರನ್ನು ವರದಾ ನದಿಗೆ ಹರಿಸುವ ಯೋಜನೆಗೆ ಜೀವ ಬಂದಿದೆ. 1980ರ ದಶಕದ ಆರಂಭದಲ್ಲಿ ಶಿರಸಿಯ ಜನ ವಿಜ್ಞಾನಿಗಳನ್ನು, ಅರ್ಥಶಾಸ್ತ್ರಜ್ಞರನ್ನು ಊರಿಗೇ ಕರೆಸಿ ವಿಚಾರ ಸಂಕಿರಣ ನಡೆಸಿ, ಬೇಡ್ತಿ ಜಲವಿದ್ಯುತ್ ಯೋಜನೆಯ ಲಾಭ-ನಷ್ಟವನ್ನು ಅಂಕಿ ಸಮೇತ ಮುಂದಿಟ್ಟಿದ್ದರು. ಯೋಜನೆ ಮೂಲೆಗೆ ಸರಿದಿತ್ತು. ಈ ಸಲ ಸ್ವರ್ಣವಲ್ಲಿ ಮಠದ ಮುಂದಾಳತ್ವದಲ್ಲಿ ಅವರು ಮತ್ತೆ ಎದ್ದಿದ್ದಾರೆ, ಆ ಬದಿಯಲ್ಲಿ ಹಾವೇರಿಯ ರೈತರು ನೀರು ಬೇಕೆಂದು ಎದ್ದಿದ್ದಾರೆ. ಶಿರಸಿಯವರು ಅಡ್ಡಗಾಲು ಹಾಕುತ್ತಿದ್ದಾರೆ ಎಂಬ ಮಾತು ಆಗಲೇ ಹಾವೇರಿಯಲ್ಲಿ ಓಡಾಡುತ್ತಿದೆ. ಶಿರಸಿಯವರ ಮೇಲೆ ಸಿಟ್ಟಾಗುವ ಮೊದಲು ಹಾವೇರಿಯ ರೈತ ಸಂಘದವರು ಕೋಲಾರಕ್ಕೊಂದು ಫೋನ್ ಮಾಡಿ, ಎತ್ತಿನಹೊಳೆಯಿಂದ ನಿಮ್ಮ ಊರಿಗೆ ಎಷ್ಟು ಬಂತು ಎಂದು ಕೇಳಲಿ.