ಕಸ ಗುಡಿಸುವ ರೋಬೋಟು ಬೇಕೆ?

ಮಕ್ಕಳೇ, ಹಿರಿಯರೇ, "ಅಜ್ಜಿಗೆ ಸೊಂಟ ಬಗ್ಗಿಸಲು ಆಗುವುದಿಲ್ಲ, ಕಸ ಗುಡಿಸುವ ರೋಬೋಟು ತರೋಣವೇ?" ಎಂಬ ಮಾತು ಈಗ ಹಲವು ಮನೆಗಳಲ್ಲಿದೆ. ಬಳ್ಳಾರಿಯ ಬೇಸಿಗೆ ಗಾಳಿಗೆ ಬೆಳಗ್ಗೆ ಗುಡಿಸಿದ ಪಡಸಾಲೆಯಲ್ಲಿ ಮಧ್ಯಾಹ್ನಕ್ಕೆ ಮತ್ತೆ ಧೂಳು. ಸಿರುಗುಪ್ಪದಲ್ಲಿ ಭತ್ತದ ಹೊಟ್ಟು, ಕುರುಗೋಡಿನಲ್ಲಿ ಎರೆಹೊಲದ ಮಣ್ಣು. ಆಸೆ ಸಹಜವೇ.

ಯಂತ್ರ ತೀರ ಹೊಸದಲ್ಲ. ಅಮೆರಿಕದ ಐರೋಬೋಟ್ ಕಂಪನಿ 2002ರಲ್ಲೇ ‘ರೂಂಬಾ’ ತಂದಿತು. ತಟ್ಟೆಯಂತೆ ದುಂಡಗಿನ ಮೈ, ಅಡಿಯಲ್ಲಿ ತಿರುಗುವ ಬ್ರಷ್, ಹೊಟ್ಟೆಯಲ್ಲಿ ಪುಟ್ಟ ಕಸದ ಡಬ್ಬಿ. ಮೆಟ್ಟಿಲಿನಿಂದ ಬೀಳದಂತೆ ಅದು ಕಣ್ಣಿಗೆ ಕಾಣದ ಬೆಳಕನ್ನು ನೆಲಕ್ಕೆ ಬಿಡುತ್ತದೆ. ಬೆಳಕು ಮರಳಿ ಬಂದರೆ ಮುಂದಕ್ಕೆ, ಬಾರದಿದ್ದರೆ ಹಳ್ಳವೆಂದು ಹಿಂದಕ್ಕೆ. ಕಪ್ಪು ನೆಲ ಬೆಳಕನ್ನು ನುಂಗುತ್ತದೆ. ಹಾಗಾಗಿ ಕಪ್ಪು ಕಡಪ ಕಲ್ಲು ಹಾಸಿದ ಮನೆಯಲ್ಲಿ ಕೆಲವು ರೋಬೋಟುಗಳು ಸಮನೆಲವನ್ನೇ ಹಳ್ಳವೆಂದು ತಿಳಿದು ನಿಂತುಬಿಡಬಹುದು!

ಮಕ್ಕಳೇ, ಕೊಳ್ಳುವ ಮೊದಲು ಸ್ಕೇಲು ಹಿಡಿದು ಹೊಸ್ತಿಲು ಅಳೆಯಿರಿ. ಸಾಮಾನ್ಯ ರೋಬೋಟು 2 ಸೆಂ.ಮೀ. ಆಸುಪಾಸು ಹತ್ತೀತು, ಹಳೆ ಮನೆಗಳ ಹೊಸ್ತಿಲು ಅದಕ್ಕೆ ಗೋಡೆಯೇ ಸರಿ. ಮಂಚದಡಿ ನುಗ್ಗುವಷ್ಟು ಜಾಗವಿದೆಯೇ? ನೆಲದ ಮೇಲೆ ಚಾರ್ಜರ್ ವೈರು, ಆಟದ ಸಾಮಾನು ಬಿದ್ದಿರುತ್ತವೆಯೇ? ಡಬ್ಬಿ ಬರಿದು ಮಾಡಿ, ಬ್ರಷ್‌ಗೆ ಸುತ್ತಿದ ಕೂದಲು ಬಿಡಿಸುವವರು ಯಾರು? ಅದಕ್ಕೂ ಅಜ್ಜಿಯೇ ಬಗ್ಗಬೇಕಾದರೆ ಯಂತ್ರ ತಂದು ಏನು ಉಪಯೋಗ?

ತಿಳಿಬಣ್ಣದ ಟೈಲ್ಸ್, ತಗ್ಗು ಹೊಸ್ತಿಲು, ಹೊಣೆ ಹೊರುವ ಒಬ್ಬರು – ಮೂರೂ ಇದ್ದರೆ ಧಾರಾಳವಾಗಿ ತನ್ನಿ. ಇಲ್ಲವೆಂದರೆ ಉದ್ದ ಹಿಡಿಯ ಕಸಬರಿಗೆ ಸಾಕು. ಅಜ್ಜಿಗೆ ಬಗ್ಗುವುದು ತಪ್ಪುತ್ತದೆ. ಭಾನುವಾರದ ಸರದಿ ಮಾತ್ರ ನಿಮ್ಮದಾಗಲಿ!