ಸಹಿ ಹಾಕುವ ಮುನ್ನ ಕೇಳ್ರಿ, ಅಕ್ಕಾ

ಮುಟ್ಟು ಹತ್ತು ದಿನವಾದರೂ ನಿಲ್ಲದೆ, ಹೊಟ್ಟೆ ಹಿಡಿದುಕೊಂಡೇ ಕಂಡಿಕೆ ಸುತ್ತುವ ಹೆಣ್ಣುಮಕ್ಕಳು ಕಮತಗಿಯ ಮಗ್ಗದ ಮನೆಗಳಲ್ಲೂ ಇದ್ದಾರೆ. ರಕ್ತ ಕಡಿಮೆಯಾಗಿ ಮೆಟ್ಟಿಲು ಹತ್ತಲಾಗದಿದ್ದರೂ ಯಾರಿಗೂ ಹೇಳುವುದಿಲ್ಲ. ಕೊನೆಗೆ ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಫೈಬ್ರಾಯ್ಡ್ ಗಡ್ಡೆ ಕಂಡರೆ ಸುತ್ತಲಿನವರದು ಒಂದೇ ಮಾತು: “ಮಕ್ಕಳಾದವಲ್ಲ, ಇನ್ನ ಆ ಚೀಲ ಯಾಕ ಬೇಕು? ತೆಗಿಸಿಬಿಡು.”

ಈ ಮಾತು ನಿಲ್ಲಬೇಕು.

ಫೈಬ್ರಾಯ್ಡ್ ಗಡ್ಡೆ ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಗಡ್ಡೆ ಫೈಬ್ರಾಯ್ಡ್‌ನಂತೆ ಕಾಣಿಸಿಕೊಳ್ಳುವುದು ತೀರ ಅಪರೂಪ. ತೊಂದರೆ ಕೊಡದ ಗಡ್ಡೆಗೆ ಚಿಕಿತ್ಸೆಯೇ ಬೇಡ. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ತಾನೇ ಕುಗ್ಗುತ್ತದೆ. ತೊಂದರೆ ಕೊಟ್ಟರೆ ಮಾತ್ರೆ ಇದೆ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ವಂಕಿ ಇದೆ, ಗಡ್ಡೆಯನ್ನಷ್ಟೇ ತೆಗೆಯುವ ಆಪರೇಷನ್ ಇದೆ. ಎಂಬೊಲೈಸೇಶನ್ ಎಂಬ ಇನ್ನೊಂದು ದಾರಿಯಂತೂ ಫ್ರಾನ್ಸಿನ ವೈದ್ಯರು 1995ರಲ್ಲೇ ಜಗತ್ತಿಗೆ ತಿಳಿಸಿದ್ದು. ತೊಡೆಸಂದಿನ ಇಲ್ಲವೇ ಮಣಿಕಟ್ಟಿನ ರಕ್ತನಾಳದೊಳಗೆ ತೆಳುವಾದ ನಳಿಕೆ ಹಾಯಿಸಿ, ಗಡ್ಡೆಗೆ ರಕ್ತ ಒಯ್ಯುವ ನಾಳಗಳಲ್ಲಿ ಮರಳಿನಂಥ ಸಣ್ಣ ಕಣಗಳನ್ನು ಬಿಡುತ್ತಾರೆ. ರಕ್ತ ಸಿಗದ ಗಡ್ಡೆ ಕೆಲವು ತಿಂಗಳಲ್ಲಿ ಕುಗ್ಗುತ್ತದೆ. ಹೊಟ್ಟೆ ಕೊಯ್ಯುವುದಿಲ್ಲ, ಗರ್ಭಕೋಶ ಉಳಿಯುತ್ತದೆ. ಮೊದಲ ದಿನ ನೋವು ಜೋರಾಗಿಯೇ ಇರುತ್ತದೆ. ಕೆಲವರಿಗೆ ಮುಂದೆ ಮತ್ತೆ ಚಿಕಿತ್ಸೆ ಬೇಕಾಗಬಹುದು. ಇನ್ನೂ ಮಕ್ಕಳು ಬೇಕೆನ್ನುವವರಿಗೆ ಸಾಮಾನ್ಯವಾಗಿ ಇದು ಮೊದಲ ಆಯ್ಕೆಯಲ್ಲ. ಎಲ್ಲ ಗಡ್ಡೆಗೂ ಒಗ್ಗುವುದೂ ಇಲ್ಲ. ಕೆಲವರಿಗೆ ಗರ್ಭಕೋಶ ತೆಗೆಯುವುದೇ ಸರಿಯಾದೀತು. ಆದರೆ ಅದನ್ನು ತಿಳಿದು ಒಪ್ಪಬೇಕು, ಹೆದರಿ ಅಲ್ಲ.

ಹೆದರಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಕಲಬುರಗಿ ಸಾಕ್ಷಿ. ಹೊಟ್ಟೆನೋವು, ಬಿಳಿಸೆರಗು ಎಂದು ಆಸ್ಪತ್ರೆಗೆ ಹೋದ ತಾಂಡಾದ ಬಡ ಹೆಣ್ಣುಮಕ್ಕಳ ಗರ್ಭಕೋಶಗಳನ್ನೇ ತೆಗೆದದ್ದು 2015ರಲ್ಲಿ ಬಯಲಿಗೆ ಬಂತು. ಕ್ಯಾನ್ಸರ್ ಆಗುತ್ತದೆ ಎಂದು ಹೆದರಿಸಿದರೆಂದು ಅವರೇ ಹೇಳಿದರು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಸರ್ಕಾರ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಮೂರು ತಿಂಗಳಲ್ಲಿ ಜಾರಿಗೆ ತನ್ನಿ ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 5ರಂದು ರಾಜ್ಯಗಳಿಗೆ ಆದೇಶಿಸಿತು. ಕಾಗದದ ಮೇಲಿನ ಆ ಆದೇಶ ಹುನಗುಂದ, ಇಳಕಲ್ಲಿನ ಹೆಣ್ಣುಮಗಳ ಕಿವಿಗೆ ಬೀಳದಿದ್ದರೆ ಏನು ಬಂತು?

ಡಾಕ್ಟರೇ, ಇರುವ ದಾರಿಗಳನ್ನೆಲ್ಲ ಆಕೆಗೆ ಹೇಳಿ. ನಿಮ್ಮಲ್ಲಿ ಸಿಗದಿದ್ದರೆ ಎಲ್ಲಿ ಸಿಗುತ್ತದೆಂದು ಚೀಟಿ ಬರೆದುಕೊಡಿ. ಆರೋಗ್ಯ ಇಲಾಖೆಯವರೇ, ಎಂಬೊಲೈಸೇಶನ್ ಚಿಕಿತ್ಸೆಗೆ ಬಡವರು ಬೆಂಗಳೂರಿನವರೆಗೆ ಅಲೆಯದಂತೆ ಮಾಡಿ. ಗಂಡಂದಿರೇ, ಅತ್ತೆಯಂದಿರೇ, ಆಕೆಯ ಪರವಾಗಿ ನೀವು ತೀರ್ಮಾನಿಸಬೇಡಿ. ಅಕ್ಕಾ, ನೀನು ಸಹಿ ಹಾಕುವ ಮುನ್ನ ಗಟ್ಟಿಯಾಗಿ ಕೇಳು: ಇದನ್ನು ತೆಗೆಯಲೇಬೇಕೇ? ಬೇರೆ ದಾರಿ ಯಾವುದು? ಉತ್ತರ ಸಿಗದಿದ್ದರೆ ರಿಪೋರ್ಟ್ ತಗೊಂಡು ಇನ್ನೊಬ್ಬ ಡಾಕ್ಟರ ಹತ್ತಿರ ಹೋಗು.