ಬಾಟಲಿ ಅದೇ, ದಿನ ಬೇರೆ

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆ ಎಲ್ಲರ ಬಾಯಲ್ಲೂ ಇದೆ. ಆ ಗಾದೆಯ ರೋಗಿ ಭಾಗ್ಯವಂತ. ಆತನಿಗೆ ಬಾಯಿ ಇದೆ, ಬಯಸಿದ್ದನ್ನು ಹೇಳಬಲ್ಲ. ಕೊಟ್ಟಿಗೆಯ ರೋಗಿಗೆ ಈ ಭಾಗ್ಯವಿಲ್ಲ. ಎಮ್ಮೆಯ ಪರವಾಗಿ ಮನೆಯವರು ಹೇಳಿದಷ್ಟೇ ವೈದ್ಯರಿಗೆ ತಿಳಿಯುತ್ತದೆ. ಮನೆಯವರು ಕೇಳಿ ತಿಳಿದಷ್ಟೇ ಎಮ್ಮೆಯ ಪಾಲಿಗೆ ಬರುತ್ತದೆ. ನಡುವೆ ಒಂದು ಮಾತು ಜಾರಿ ಬಿದ್ದರೆ ಅದರ ಬೆಲೆಯನ್ನು ತೆರುವುದು ಮಾತ್ರ ಆ ಮೂಕ ಪ್ರಾಣಿ.

ಹಳಿಯಾಳ ತಾಲೂಕಿನ ಸಾಂಬ್ರಾಣಿಯನ್ನು ಓದುಗರು ಕಣ್ಣ ಮುಂದೆ ತಂದುಕೊಳ್ಳಬಹುದು. ಒಂದು ಕಡೆ ಭತ್ತದ ಗದ್ದೆ, ಇನ್ನೊಂದು ಕಡೆ ಸಾಗುವಾನಿಯ ಕಾಡು. ಎಮ್ಮೆಗಳನ್ನೇ ನಂಬಿ ಬದುಕುವ ಗೌಳಿಗಳ ದಡ್ಡಿಗಳು ಈ ಸೀಮೆಯಲ್ಲಿ ಅಲ್ಲಲ್ಲಿ ಇವೆ. ಇಂಥ ಊರಿನ ಒಂದು ಮನೆಯಲ್ಲಿ ಅತ್ತೆ, ಮಗ, ಸೊಸೆ ಮತ್ತು ಒಂದೇ ಒಂದು ಎಮ್ಮೆ. ಹುಡುಗನ ಶಾಲೆಯ ಶುಲ್ಕ, ವಾರದ ಸಂತೆ, ಅತ್ತೆಯ ಕಣ್ಣಿನ ಔಷಧ ಎಲ್ಲವೂ ಅದರ ಕೆಚ್ಚಲನ್ನೇ ಅವಲಂಬಿಸಿವೆ.

ಕಳೆದ ಸಲ ಎಮ್ಮೆ ಈದ ಮರುದಿನ ನೆಲ ಹಿಡಿಯಿತು. ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿ ಮಲಗಿತು, ಕಿವಿ ತಣ್ಣಗಾಯಿತು. ರಾತ್ರಿಯಲ್ಲಿ ಬಂದ ಪಶುವೈದ್ಯರು ಕ್ಯಾಲ್ಸಿಯಂ ದ್ರವವನ್ನು ರಕ್ತನಾಳಕ್ಕೆ ಮೆಲ್ಲಮೆಲ್ಲನೆ ಇಳಿಸಿದರು. ಬೆಳಗಾಗುವ ಮೊದಲೇ ಎಮ್ಮೆ ಎದ್ದು ನಿಂತಿತು. ಹಾಲು ಕೊಡುವಾಗ ದಿನವೂ ಕುಡಿಸಲೆಂದು ವೈದ್ಯರು ಒಂದು ಕ್ಯಾಲ್ಸಿಯಂ ಬಾಟಲಿಯನ್ನು ಬರೆದುಕೊಟ್ಟರು. ಅಂದಿನಿಂದ ಆ ಬಾಟಲಿ ದೇವರ ಗೂಡಿನ ಪಕ್ಕದಲ್ಲಿ ಸ್ಥಾನ ಪಡೆಯಿತು.

ಈಗ ಎಮ್ಮೆ ಮತ್ತೆ ತುಂಬು ಗಬ್ಬ. ಹಾಲು ಬತ್ತಿದೆ, ಈಯಲು ಕೆಲವೇ ವಾರಗಳಿವೆ. ಆದರೂ ಬಾಟಲಿ ನಿಂತಿಲ್ಲ. “ಹೋದ ಸಲ ಬಿದ್ದಿತ್ತಲ್ಲ, ಈ ಸಲ ಮೊದಲಿಂದನ ಕೊಟ್ಟರ ಗಟ್ಟಿ ಇರತೈತಿ” ಎಂದು ಮಗನ ವಾದ. ಪಿಯುಸಿಯಲ್ಲಿ ವಿಜ್ಞಾನ ಓದಿದ ಸೊಸೆ ಒಂದು ದಿನ ಅನುಮಾನ ಪಟ್ಟಳು. ಅತ್ತೆಗೆ ಅದು ಸರಿಬರಲಿಲ್ಲ.

“ಡಾಕ್ಟರ್ ಸಾಹೇಬ್ರು ಹೇಳಿದ್ದು ಕೊಡಾಕತ್ತೀವಿ. ಅವರಿಗಿಂತ ನಿನಗ ಹೆಚ್ಚ ತಿಳೀತದೇನ?”

“ಹಂಗ ನಾ ಅಂದಿಲ್ಲ ಅತ್ತಿ. ಅವರು ಹೇಳಿದಾಗ ಎಮ್ಮಿ ಹಾಲ ಕೊಡತಿತ್ತು. ಈಗ ಬತ್ತೇತಿ. ಅದನ್ನ ಅವರಿಗೆ ಯಾರ ಹೇಳ್ಯಾರ?”

ಈ ಪ್ರಶ್ನೆಯ ತೂಕ ತಿಳಿಯಬೇಕಾದರೆ ರೋಗದ ಕಥೆಯನ್ನು ಸ್ವಲ್ಪ ತಿಳಿಯಬೇಕು. ಇದರ ಹೆಸರು ಹಾಲುಜ್ವರ. ಆದರೆ ಜ್ವರವಿಲ್ಲ, ಮೈ ತಣ್ಣಗಾಗುವುದೇ ಹೆಚ್ಚು. ಹಸುವಿನ ಲೆಕ್ಕ ಹೇಳುವುದಾದರೆ, ಹತ್ತು ಲೀಟರು ಗಿಣ್ಣದ ಹಾಲಿನಲ್ಲಿ ಸುಮಾರು 23 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅದರ ರಕ್ತದಲ್ಲಿ ಒಟ್ಟು ಇರುವುದು ಸುಮಾರು 3 ಗ್ರಾಂ ಮಾತ್ರ. ಈದ ದಿನ ಇಷ್ಟೊಂದು ಕ್ಯಾಲ್ಸಿಯಂ ಕೆಚ್ಚಲಿಗೆ ಹರಿದರೆ ರಕ್ತ ಬರಿದಾಗುತ್ತದೆ; ಸ್ನಾಯುಗಳು ಸೋಲುತ್ತವೆ.

ಹಾಗಾದರೆ ದೇಹದಲ್ಲಿ ಕ್ಯಾಲ್ಸಿಯಂ ಇಲ್ಲವೆ? ಬೇಕಾದಷ್ಟಿದೆ, ನೂರರಲ್ಲಿ 99 ಪಾಲು ಎಲುಬಿನಲ್ಲಿದೆ. ಉತ್ತರ ಕರ್ನಾಟಕದ ಹಿರಿಯರು ಜೋಳ ತುಂಬಿಡುತ್ತಿದ್ದ ಹಗೇವನ್ನು ನೆನೆಯಬಹುದು. ಕಾಳು ಒಳಗೆ ಇದ್ದರೂ ಬಾಯಿ ತೆರೆದೊಡನೆ ಯಾರೂ ಇಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗುವ ತನಕ ಕಾಯಬೇಕಿತ್ತು. ಎಲುಬಿನ ಹಗೇವನ್ನು ತೆರೆಯಿಸುವುದು ಕೊರಳಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು. ಅವುಗಳ ಆಜ್ಞೆ ಫಲಿಸಲು ಎರಡು ಮೂರು ದಿನಗಳಾದರೂ ಬೇಕು. ಗಬ್ಬದ ಕೊನೆಯಲ್ಲಿ ಬಾಯಿಂದಲೇ ಕ್ಯಾಲ್ಸಿಯಂ ಧಾರಾಳವಾಗಿ ಬರುತ್ತಿದ್ದರೆ ಹಗೇವು ತೆರೆಯುವ ಕಾರಣವೇ ಇಲ್ಲ. ಗ್ರಂಥಿಗಳು ಆಲಸ್ಯ ಹೊಂದುತ್ತವೆ. ಅಗತ್ಯ ಬಿದ್ದ ದಿನ ಬಾಗಿಲು ಬಿಗಿದೇ ಇರುತ್ತದೆ. ಮಗನ ವಾದ ನಿರ್ದುಷ್ಟವಾಗಿ ಕಂಡರೂ ಫಲ ವಿಪರೀತವಾಗುವುದು ಹೀಗೆ.

ವಿದ್ವಾಂಸರಿಗೂ ಇದು ಒಮ್ಮೆಗೇ ಹೊಳೆಯಲಿಲ್ಲ. 1897ರಲ್ಲಿ ಡೆನ್ಮಾರ್ಕಿನ ಸ್ಮಿಟ್ ಎಂಬ ಪಶುವೈದ್ಯ ಕೆಚ್ಚಲಿಗೆ ಔಷಧದ ನೀರು ತುಂಬಿ ಹಸುಗಳನ್ನು ಎಬ್ಬಿಸಿದ. ಬಳಿಕ ಬರಿಯ ಗಾಳಿ ತುಂಬಿದರೂ ಸಾಕೆಂದು ಕಂಡುಬಂದಿತು. ಹಸು ಎದ್ದಿತು, ಕಾರಣ ತಿಳಿಯಲಿಲ್ಲ. 1925ರಲ್ಲಿ ಎಡಿನ್‌ಬರೋ ನಗರದ ಡ್ರೈಯರ್ ಮತ್ತು ಗ್ರೆಗ್ ಎಂಬವರು ಕ್ಯಾಲ್ಸಿಯಂ ಕೊರತೆಯೇ ಮೂಲವೆಂದು ವಾದಿಸಿದರು. 1954ರಲ್ಲಿ ಕ್ಯಾಲಿಫೋರ್ನಿಯದ ಬೋಡಾ ಮತ್ತು ಕೋಲ್ ಈಯುವ ಮೊದಲು ಕ್ಯಾಲ್ಸಿಯಂ ಕಡಿಮೆ ಮಾಡಿದರೆ ರೋಗ ಕಡಿಮೆಯಾಗುವುದನ್ನು ತೋರಿಸಿದರು. ಮುಂದೆ, ಮೇವಿನ ಪೊಟ್ಯಾಸಿಯಂ ಮುಂತಾದ ಲವಣಗಳ ಸಮತೋಲವೂ ಅಷ್ಟೇ ಮುಖ್ಯವೆಂದು ತಿಳಿಯಿತು. ಆದುದರಿಂದ ಬಾಟಲಿಯೊಂದನ್ನೇ ಅಪರಾಧಿಯ ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವಲ್ಲ.

ಬಾಟಲಿಯನ್ನು ಬಚ್ಚಲಿಗೆ ಸುರಿದರೆ ಜಾಣತನವೆಂದೂ ತಿಳಿಯಬಾರದು. ಭತ್ತದ ಹುಲ್ಲಿನಲ್ಲಿರುವ ಆಕ್ಸಲೇಟು ಕ್ಯಾಲ್ಸಿಯಮ್ಮನ್ನು ಹಿಡಿದಿಡುತ್ತದೆ. ತೌಡಿನಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಹುಲ್ಲು ತೌಡುಗಳ ಮೇಲೆ ಹಾಲು ಕೊಡುವ ಎಮ್ಮೆಗೆ ಪೂರಕ ಬೇಕೇ ಬೇಕು. ಖನಿಜ ಮಿಶ್ರಣಕ್ಕೆ ಭಾರತೀಯ ಮಾನಕವೂ ಉಂಟು. ಅದರ ಉಪ್ಪಿಲ್ಲದ ಬಗೆಯಲ್ಲಿ ಕ್ಯಾಲ್ಸಿಯಂ ಶೇಕಡ 20ಕ್ಕೆ ಕಡಿಮೆ ಇರಬಾರದು. ಅಂದರೆ 50 ಗ್ರಾಂ ಪುಡಿಯಲ್ಲಿ 10 ಗ್ರಾಂ. ಮಣ್ಣು ಬದಲಾದರೆ ಮೇವು, ಮೇವು ಬದಲಾದರೆ ಕೊರತೆ ಬದಲಾಗುತ್ತದೆ. ಇದನ್ನರಿತು ಪ್ರದೇಶಕ್ಕೆ ತಕ್ಕ ಖನಿಜ ಮಿಶ್ರಣಗಳ ಕೆಲಸವನ್ನು ಬೆಂಗಳೂರಿನ ಆಡುಗೋಡಿಯಲ್ಲಿ 1995ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಮಾಡಿದೆ.

ನಗರದ ಓದುಗರು ‘ನಮ್ಮಲ್ಲಿ ಎಮ್ಮೆಯಿಲ್ಲ’ ಎಂದು ಪುಟ ತಿರುಗಿಸುವ ಮುನ್ನ ಅಂಗಳದ ನಾಯಿಮರಿಯನ್ನು ನೋಡಬೇಕು. ‘ಎಲುಬು ಗಟ್ಟಿಯಾಗಲಿ’ ಎಂದು ಅದರ ಹಾಲಿಗೂ ಕ್ಯಾಲ್ಸಿಯಂ ಬೀಳುತ್ತದೆ. ಹಾಲೆಂಡಿನ ಉಟ್ರೆಕ್ಟಿನಲ್ಲಿ ಗ್ರೇಟ್ ಡೇನ್ ಮರಿಗಳಿಗೆ ಅತಿಯಾಗಿ ಕ್ಯಾಲ್ಸಿಯಂ ಕೊಟ್ಟು ನೋಡಿದ ಪ್ರಯೋಗ 1985ರಲ್ಲಿ ಪ್ರಕಟವಾಯಿತು; ಮರಿಗಳ ಎಲುಬಿನ ಬೆಳವಣಿಗೆಯೇ ಕೆಟ್ಟಿತ್ತು. ವಿದೇಶಗಳಲ್ಲಿ ಮನೆಯೊಳಗೆ ಸಾಕುವ ಆಸ್ಟ್ರೇಲಿಯ ಮೂಲದ ಗಡ್ಡದ ಓತಿಗೆ ಕ್ಯಾಲ್ಸಿಯಂ ಪುಡಿ ನಿಜವಾಗಿ ಬೇಕು. ತಿನ್ನುವ ಹುಳುಗಳಲ್ಲಿ ಅದು ಸಾಲದು. ಆದರೆ ಪುಡಿಯೊಡನೆ ಬರುವ ಡಿ3 ಜೀವಸತ್ವ ಮಿತಿ ಮೀರಿದರೆ ಮೂತ್ರಪಿಂಡದಲ್ಲೇ ಸುಣ್ಣ ಕಟ್ಟುತ್ತದೆ. ದೀಪದ ಅತಿನೇರಳೆ ಬೆಳಕು ಎಷ್ಟಿದೆಯೆಂದು ತಿಳಿಯದೆ ಅಳತೆ ಹೇಳುವಂತಿಲ್ಲ. ಪ್ರಾಣಿ ಯಾವುದಾದರೂ ಕೇಳಬೇಕಾದ ಪ್ರಶ್ನೆಗಳು ಅವೇ: ಯಾವ ಕೊರತೆಗೆ? ಎಷ್ಟು? ಎಲ್ಲಿಯವರೆಗೆ? ಈಗ ತಿನ್ನುವ ಆಹಾರದಲ್ಲಿ ಎಷ್ಟಿದೆ?

ಕೊನೆಗೆ ಸೊಸೆ ಬಾಟಲಿಯನ್ನು ಚೀಲದಲ್ಲಿಟ್ಟುಕೊಂಡು ಪಶು ಆಸ್ಪತ್ರೆಗೆ ಹೋದಳು. ಅತ್ತೆಯೂ ಬಿಡದೆ ಹಿಂದೆ ಹೊರಟರು. ಸೊಸೆ ಮಾತು ಮೀರಿದರೆ ಕ್ಷಮೆ ಕೇಳಲು ಒಬ್ಬರು ಬೇಕಲ್ಲ! ವೈದ್ಯರು ಮೇವಿನ ವಿಷಯ, ಈಯುವ ದಿನದ ವಿಷಯ ಕೇಳಿದರು. ಬಳಿಕ ಬಾಟಲಿಯನ್ನು ಮೇಜಿನ ಮೇಲಿಟ್ಟು, “ಚಲೋ ಮಾಡಿದಿ ತಂಗಿ, ಬಂದು ಕೇಳಿದಿ. ನಾ ಹೇಳಿದ್ದು ಹಾಲ ಕೊಡೋ ಎಮ್ಮಿಗೆ. ಬತ್ತಿದ ಮ್ಯಾಲ ನಿಲ್ಲಸ್ರಿ ಅಂತ ಹೇಳೋದು ನನ್ನ ಕಡೆಯಿಂದನೂ ಉಳೀತು” ಎಂದರು. ಈಯುವ ತನಕ ದ್ರವ ಬೇಡ. ಈದ ದಿನ ತಪ್ಪದೆ ಕೊಡಬೇಕು. ಮೊದಲ ಎರಡು ದಿನ ಕೆಚ್ಚಲನ್ನು ಪೂರ್ತಿ ಬರಿದು ಮಾಡಬಾರದು. ನಿಲ್ಲಲು ತಡವರಿಸಿದರೆ ರಾತ್ರಿಯಾದರೂ ಕರೆಯಬೇಕು. ಇಷ್ಟು ಹೇಳಿ ಕಳುಹಿಸಿದರು.

ಬಾಗಿಲು ದಾಟಿದ ಮೇಲೆ ಅತ್ತೆ ಮೆಲ್ಲನೆ, “ಸಾಹೇಬ್ರು ಸಿಟ್ಟಾಗಲಿಲ್ಲ ನೋಡ” ಎಂದರು.

ಪ್ರಶ್ನೆ ಎಂದರೆ ಅವಿಶ್ವಾಸವೆಂಬ ಭಾವನೆ ಸಭ್ಯ ಜನರಲ್ಲಿಯೇ ಹೆಚ್ಚು. ಆದರೆ ವೈದ್ಯರ ಮಾತು ಶಿಲಾಶಾಸನವಲ್ಲ. ಅದು ಒಂದು ದಿನ, ಒಂದು ಸ್ಥಿತಿಯನ್ನು ನೋಡಿ ಆಡಿದ ಮಾತು. ಸ್ಥಿತಿ ಬದಲಾದುದನ್ನು ತಿಳಿಸದೆ ಮಾತನ್ನು ಮಾತ್ರ ಪಾಲಿಸುವುದು ವಿಧೇಯತೆಯಾಗಲಾರದು. ಮನೆಯಲ್ಲಿ ಕುಳಿತು ತಾನೇ ಅಳತೆ ಬದಲಿಸುವುದೂ ವಿವೇಕವಲ್ಲ. ಇವೆರಡರ ನಡುವೆ ಪಶು ಆಸ್ಪತ್ರೆಯ ತನಕ ನಡೆದು ಹೋಗುವ ಒಂದು ದಾರಿಯಿದೆ.

ಎಮ್ಮೆ ಈಯಿತು; ಮರುದಿನ ನಿಂತೇ ಇತ್ತು. ಒಂದು ಎಮ್ಮೆ ನಿಂತುದರಿಂದ ಸಿದ್ಧಾಂತ ಸ್ಥಾಪಿತವಾಗದು. ಅತ್ತೆ ಅದನ್ನು ದೇವರ ಕೃಪೆ ಎಂದರು, ಮಗ ಡಾಕ್ಟರ ಕೈಗುಣ ಎಂದ. ಸೊಸೆ ಏನೂ ಹೇಳದೆ ಬಾಟಲಿಯ ಮೇಲೊಂದು ಚೀಟಿ ಅಂಟಿಸಿ ಎರಡು ಸಾಲು ಬರೆದಳು: ಶುರು ಮಾಡಿದ ದಿನ, ನಿಲ್ಲಿಸುವ ಮುಂಚೆ, ನಿಲ್ಲಿಸದಿರುವ ಮುಂಚೆ, ಕೇಳಬೇಕು.